ಕಪ್ಪೆಗಳ ಕೈಟ್ರಿಡ್ ರೋಗ: ಪಶ್ಚಿಮಘಟ್ಟದಿಂದ ಕಾಗಿಣಾ ಬಯಲಿನವರೆಗೆ

ಕೈಟ್ರಿಡ್ ರೋಗ, ಪೂರ್ಣ ಹೆಸರಿನಲ್ಲಿ ಕೈಟ್ರಿಡಿಯೊಮೈಕೋಸಿಸ್, ಕಪ್ಪೆ ಮತ್ತು ಸಾಲಮಾಂಡರ್‌ಗಳ ಚರ್ಮಕ್ಕೆ ಹತ್ತುವ ಶಿಲೀಂಧ್ರ ಬೇನೆ. ಇದಕ್ಕೆ ಮುಖ್ಯ ಕಾರಣ ಬ್ಯಾಟ್ರಕೊಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್ ಎಂಬ ಜೀವಿ. ಬರಿಗಣ್ಣಿಗೆ ಕಾಣದ ಇದರ ಬೀಜಕಣಕ್ಕೆ ಒಂದು ಬಾಲವಿದೆ. ಅದನ್ನು ಬಡಿಯುತ್ತ ನೀರಿನಲ್ಲಿ ಈಜಿ ಕಪ್ಪೆಯ ಮೈ ಸೇರುತ್ತದೆ, ಹೊರಚರ್ಮದ ಕೋಶದೊಳಗೆ ಹೊಕ್ಕು ಚೀಲದಂತೆ ಬೆಳೆಯುತ್ತದೆ, ತಂಪು ಹವೆಯಲ್ಲಿ ನಾಲ್ಕೈದು ದಿನಗಳಲ್ಲಿ ಆ ಚೀಲ ಬಾಯ್ತೆರೆದು ಹೊಸ ಬೀಜಕಣಗಳನ್ನು ಮತ್ತೆ ನೀರಿಗೆ ಬಿಡುತ್ತದೆ. ಚರ್ಮದ ರೋಗ ಜೀವ ತೆಗೆಯುವಷ್ಟು ದೊಡ್ಡದೇ ಎಂದು ಮನುಷ್ಯರಾದ ನಮಗೆ ಅನ್ನಿಸಬಹುದು. ಆದರೆ ಕಪ್ಪೆ ನೀರು ಕುಡಿಯುವುದು ಚರ್ಮದಿಂದ, ಉಸಿರಾಟದ ಒಂದು ಪಾಲು ನಡೆಯುವುದು ಚರ್ಮದಿಂದ, ಮೈಯೊಳಗಿನ ಉಪ್ಪಿನಂಶವನ್ನು ಹದದಲ್ಲಿಡುವುದೂ ಚರ್ಮವೇ. ರೋಗ ಬಲಿತ ಕಪ್ಪೆಯ ಚರ್ಮ ದಪ್ಪಗಾಗಿ ಪದರಪದರವಾಗಿ ಸುಲಿಯುತ್ತದೆ. ಅದು ಹಗಲಿನಲ್ಲೇ ಬಯಲಲ್ಲಿ ಮಂಕಾಗಿ ಕೂರುತ್ತದೆ, ಮಗುಚಿ ಹಾಕಿದರೆ ಹೊರಳಿ ಏಳಲಾರದು. ಆಸ್ಟ್ರೇಲಿಯದ ಹಸಿರು ಮರಗಪ್ಪೆಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಸಾವಿನ ದಾರಿಯನ್ನು ತೋರಿಸಿಕೊಟ್ಟಿತು: ಚರ್ಮದ ಮೂಲಕ ಲವಣ ಸಾಗುವುದು ಅರ್ಧಕ್ಕಿಂತ ಹೆಚ್ಚು ಕುಂದುತ್ತದೆ, ರಕ್ತದಲ್ಲಿ ಸೋಡಿಯಂ ಸುಮಾರು 20 ಪ್ರತಿಶತ, ಪೊಟ್ಯಾಸಿಯಂ ಸುಮಾರು 50 ಪ್ರತಿಶತ ಇಳಿಯುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಗೊದಮೊಟ್ಟೆಗಳ ಪಾಡು ಬೇರೆ. ಶಿಲೀಂಧ್ರ ಹಿಡಿದು ಬದುಕುವ ಕೆರಾಟಿನ್ ಅವುಗಳ ಬಾಯಿಯ ಸುತ್ತ ಮಾತ್ರ ಇರುವುದರಿಂದ ಅವು ಸೋಂಕು ಹೊತ್ತೂ ಈಜಾಡಿಕೊಂಡಿರುತ್ತವೆ. ಬಾಲ ಕರಗಿ ಕಾಲು ಮೂಡಿ ಮೈತುಂಬ ಹೊಸ ಚರ್ಮ ಬರುವ ಹೊತ್ತಿಗೆ ಸಾಯತೊಡಗುತ್ತವೆ.

ಈ ರೋಗ ಲೋಕಕ್ಕೆ ತಿಳಿದು ಇನ್ನೂ ಮೂವತ್ತು ವರ್ಷವೂ ತುಂಬಿಲ್ಲ. 1970ರ ದಶಕದ ಕೊನೆಯಿಂದಲೇ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಕಾಡುಗಳಲ್ಲಿ, ಆಮೇಲೆ ಮಧ್ಯ ಅಮೆರಿಕದ ಬೆಟ್ಟಗಳಲ್ಲಿ, ಕೊಡಲಿ ಬೀಳದ, ಯಾರೂ ಕಾಲಿಡದ ತೊರೆಗಳಲ್ಲೂ ಕಪ್ಪೆಗಳು ಮಾಯವಾಗುತ್ತಿದ್ದವು. ಕಾರಣ ಗೊತ್ತಾದದ್ದು 1998ರಲ್ಲಿ, ಸತ್ತ ಕಪ್ಪೆಗಳ ಚರ್ಮದಲ್ಲಿ ಈ ಶಿಲೀಂಧ್ರ ಕಂಡಾಗ. ಮರುವರ್ಷ ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಸತ್ತ ನೀಲಿ ವಿಷಗಪ್ಪೆಯೊಂದರಿಂದ ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಸಾಲಮಾಂಡರ್‌ಗಳನ್ನು ಕೊಲ್ಲುವ ಇದರ ಸೋದರ ಪ್ರಭೇದ 2013ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪತ್ತೆಯಾಯಿತು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ ಕನಿಷ್ಠ 501 ಉಭಯಚರ ಪ್ರಭೇದಗಳು ಈ ರೋಗದಿಂದ ಕುಸಿದಿವೆ, ಅವುಗಳಲ್ಲಿ 90 ಅಳಿದುಹೋಗಿರಬೇಕು. ಈ ಲೆಕ್ಕದಲ್ಲಿ ಹಲವು ಪ್ರಭೇದಗಳಿಗೆ ಕೊಟ್ಟ ಸಾಕ್ಷ್ಯ ಸಾಲದೆಂದು 2020ರಲ್ಲಿ ಅದೇ ಪತ್ರಿಕೆಯಲ್ಲಿ ಬೇರೆ ವಿಜ್ಞಾನಿಗಳು ಆಕ್ಷೇಪಿಸಿದರು, ಮೂಲ ತಂಡ ಉತ್ತರವನ್ನೂ ಕೊಟ್ಟಿತು. ಅಂಕಿ ನೂರು ಹೆಚ್ಚು ಕಡಿಮೆಯಾದರೂ ಒಂದೇ ಕಾಯಿಲೆ ಇಷ್ಟು ಬೆನ್ನೆಲುಬಿನ ಪ್ರಾಣಿಗಳ ಮೇಲೆ ಇಷ್ಟು ಹಾನಿ ಮಾಡಿದ ಇನ್ನೊಂದು ದಾಖಲೆ ಇಲ್ಲ.

ಇಷ್ಟು ಓದಿದ ಕನ್ನಡಿಗನಿಗೆ ಸಹಜವಾಗಿ ಏಳುವ ಪ್ರಶ್ನೆ, ಇದು ನಮ್ಮಲ್ಲಿಗೆ ಬಂದರೆ ಗತಿಯೇನು ಎಂಬುದು. ಆ ಪ್ರಶ್ನೆಯೇ ದಾರಿ ತಪ್ಪಿದ್ದು. ಶಿಲೀಂಧ್ರ ನಮ್ಮಲ್ಲಿ ಇದೆ, ಬಹುಶಃ ಬಹಳ ಕಾಲದಿಂದ ಇದೆ. ಪಶ್ಚಿಮಘಟ್ಟಕ್ಕೆ ಮೀಸಲಾದ ಇಂಡಿರಾನ ಕುಲದ ನೆಗೆಗಪ್ಪೆಯೊಂದರಲ್ಲಿ ಅದು ಇರುವುದು 2011ರಲ್ಲಿ ವರದಿಯಾಯಿತು. 2013ರಲ್ಲಿ ಘಟ್ಟದ ಉತ್ತರ ಭಾಗದ ಅಪಾಯದಂಚಿನ ಕಪ್ಪೆಗಳಲ್ಲಿ ಏಷ್ಯಾದ್ದೇ ಆದ ತಳಿ ಸಿಕ್ಕಿತು, 2015ರ ಹೊತ್ತಿಗೆ ಆ ತಳಿ ಘಟ್ಟದಲ್ಲಿ ವ್ಯಾಪಕವಾಗಿದೆ ಎಂಬುದು ತಿಳಿಯಿತು. 2018ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನ ದೇಶದ ನಾಲ್ಕು ಜೈವಿಕ ವಲಯಗಳ ಕಪ್ಪೆಗಳನ್ನು ಪರೀಕ್ಷಿಸಿ ಎರಡು ಸಂಗತಿಗಳನ್ನು ಒಟ್ಟಿಗೆ ಕಂಡಿತು: ಸೋಂಕು ಹತ್ತಿದ ಕಪ್ಪೆಗಳ ಪ್ರಮಾಣ ಕಡಿಮೆ, ಶಿಲೀಂಧ್ರದ ವಂಶವಾಹಿ ನಮೂನೆಗಳ ವೈವಿಧ್ಯ ಹೆಚ್ಚು. ಈ ಎರಡನ್ನೂ ಜೋಡಿಸಿ ಓದಬೇಕು. ಹೊಸದಾಗಿ ನುಗ್ಗಿದ ಸೋಂಕು ಒಂದೇ ಅಚ್ಚಿನ ಪ್ರತಿಗಳಾಗಿ ಹರಡುತ್ತದೆ, ಸಿಕ್ಕವರನ್ನೆಲ್ಲ ಹಿಡಿಯುತ್ತದೆ. ನೂರಾರು ತಲೆಮಾರು ಒಂದೇ ನೆಲದಲ್ಲಿ ಕಳೆದದ್ದು ಊರಿಂದೂರಿಗೆ ಬೇರೆಯಾಗಿ ಕವಲೊಡೆಯುತ್ತದೆ, ಆತಿಥೇಯ ಪ್ರಾಣಿಯೊಂದಿಗೆ ಒಂದು ಒಪ್ಪಂದಕ್ಕೆ ಬಂದಿರುತ್ತದೆ. ಬೇರೆ ಕಡೆಯ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ಜಪಾನಿನ ದೈತ್ಯ ಸಾಲಮಾಂಡರಿನ 1902ರ ಸಂಗ್ರಹಾಲಯ ಮಾದರಿಯಲ್ಲೂ ಕೊರಿಯಾದ ನೆಲಗಪ್ಪೆಯ 1911ರ ಮಾದರಿಯಲ್ಲೂ ಈ ಶಿಲೀಂಧ್ರದ ಗುರುತು ಸಿಕ್ಕಿದೆ. ಜಗತ್ತಿನ ನಾನಾ ಕಡೆಯ ಮಾದರಿಗಳ ಜೀನೋಮ್ ಹೋಲಿಸಿದ 2018ರ ಇನ್ನೊಂದು ಸಂಶೋಧನೆ ಕೊಲೆಗಡುಕ ಜಾಗತಿಕ ತಳಿಯ ಬೇರು ಪೂರ್ವ ಏಷ್ಯಾದಲ್ಲಿದೆ, ಅದು ಹೊರಟು ಹರಡಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಂದು ತೀರ್ಮಾನಿಸಿತು. ಏಷ್ಯಾ ಈ ಶಿಲೀಂಧ್ರದ ತವರು. ತವರಿನಲ್ಲಿ ಅದು ಕಪ್ಪೆಯ ಚರ್ಮದ ಮೇಲಿನ ಹಲವು ಜೀವಿಗಳಲ್ಲಿ ಒಂದಾಗಿ ಬದುಕಿದೆ. ತವರು ಬಿಟ್ಟು, ಅದನ್ನು ಎಂದೂ ಕಾಣದ ಕಪ್ಪೆಗಳ ನಡುವೆ ಹೋದಾಗ ಮಾರಿಯಾಯಿತು. ಈ ಲೇಖನದ ವಾದವೂ ಇದೇ: ಶಿಲೀಂಧ್ರ ಇದೆಯೇ ಇಲ್ಲವೇ ಎಂಬುದು ನಮ್ಮ ಪಾಲಿನ ಅಪಾಯದ ಅಳತೆಯಲ್ಲ, ಎಲ್ಲಿಂದ ಎಲ್ಲಿಗೆ, ಯಾರ ಕೈಯಿಂದ ಅದು ಸಾಗುತ್ತಿದೆ ಎಂಬುದು ಅಳತೆ.

ಇರುವಿಕೆಗೂ ಬೇನೆಗೂ ಇರುವ ಈ ಅಂತರವನ್ನು ಕರ್ನಾಟಕದ ಒಂದು ಪುಟ್ಟ ಕಪ್ಪೆ ಚೆನ್ನಾಗಿ ತೋರಿಸಿಕೊಟ್ಟಿದೆ. 2023ರ ಜೂನಿನಲ್ಲಿ ಕಾರ್ಕಳ ತಾಲೂಕಿನ ಮಾಳದಲ್ಲಿ, ಕುದುರೆಮುಖ ಶ್ರೇಣಿಯ ಬುಡದಲ್ಲಿ, ರಸ್ತೆ ಬದಿಯ ಮಳೆನೀರಿನ ಹೊಂಡದ ಬಳಿ ಕಪ್ಪೆ ನೋಡಲು ಹೋದ ತಂಡಕ್ಕೆ ಹತ್ತಾರು ಹೊಂಬೆನ್ನಿನ ಕಪ್ಪೆಗಳು ಕಂಡವು. ಅವುಗಳಲ್ಲೊಂದರ ಪಕ್ಕೆಯಲ್ಲಿ, ಹೊಂಬಣ್ಣದ ಬೆನ್ನಿಗೂ ಹೊಟ್ಟೆಗೂ ನಡುವೆ, ಕಡ್ಡಿಯಂಥ ಕಾಂಡದ ಮೇಲೆ ಟೊಪ್ಪಿ ಹೊತ್ತ ಒಂದು ಬಿಳಿ ಅಣಬೆ ಎದ್ದು ನಿಂತಿತ್ತು. ಕಪ್ಪೆ ಕಡ್ಡಿಯೊಂದರ ಮೇಲೆ ಕೂತು ಎಂದಿನಂತೆ ಕಣ್ಣು ಹೊರಳಿಸುತ್ತಿತ್ತು. ಚಿತ್ರ ನೋಡಿದ ತಜ್ಞರು ಅದು ಕೊಳೆತ ಮರದ ಮೇಲೆ ಬೆಳೆಯುವ ಮೈಸೀನ ಕುಲದ ಅಣಬೆ ಎಂದು ಗುರುತಿಸಿದರು. 2024ರ ಜನವರಿಯಲ್ಲಿ ಟಿಪ್ಪಣಿ ಪ್ರಕಟವಾದಾಗ ಆ ಚಿತ್ರ ಜಗತ್ತೆಲ್ಲ ಸುತ್ತಿತು, ಮಾರಕ ಶಿಲೀಂಧ್ರದ ಹೆಸರೂ ಅದರೊಡನೆ ಸುತ್ತಿತು. ಆದರೆ ಕೈಟ್ರಿಡ್ ಎಂದೂ ಅಣಬೆ ಬಿಡುವುದಿಲ್ಲ. ಅದು ಕಾಣಿಸಿಕೊಳ್ಳುವುದು ಸೂಕ್ಷ್ಮದರ್ಶಕದಡಿ ಅಥವಾ ಪ್ರಯೋಗಾಲಯದ ಪಿಸಿಆರ್ ಪರೀಕ್ಷೆಯಲ್ಲಿ. ಕಣ್ಣಿಗೆ ಹೊಡೆದು ಕಾಣುವ ಶಿಲೀಂಧ್ರ ಹೊತ್ತ ಮಾಳದ ಕಪ್ಪೆ ಗಟ್ಟಿಯಾಗಿ ಕೂತಿತ್ತು. ಕೈಟ್ರಿಡ್‌ನಿಂದ ಸಾಯುವ ಕಪ್ಪೆಯ ಮೈಮೇಲೆ ಯಾವ ಶಿಲೀಂಧ್ರವೂ ಕಣ್ಣಿಗೆ ಕಾಣದು. ಕಣ್ಣಿಗೆ ಬಿದ್ದದ್ದನ್ನು ನಂಬುವ ನಮ್ಮ ರೂಢಿ ಈ ವಿಷಯದಲ್ಲಿ ಎರಡೂ ಕಡೆ ಮೋಸ ಹೋಗುತ್ತದೆ.

ತವರಿನ ವಾದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಸತ್ತ ಕಪ್ಪೆಗಳ ರಾಶಿ ಭಾರತದಲ್ಲಿ ದಾಖಲಾಗಿಲ್ಲ ಎಂದ ಮಾತ್ರಕ್ಕೆ ಸಾವೇ ಆಗಿಲ್ಲ ಎನ್ನಬಹುದೇ? ನೋಡುವವರೇ ಇಲ್ಲದ ಕಾಲದಲ್ಲಿ ಸೋಂಕು ಬಂದು, ಸಾಯಬೇಕಾದವು ಸತ್ತು, ಉಳಿದ ಗಟ್ಟಿ ಕಪ್ಪೆಗಳನ್ನಷ್ಟೇ ನಾವು ಈಗ ಪರೀಕ್ಷಿಸುತ್ತಿರಬಹುದಲ್ಲ? ಮುಂಗಾರಿನಲ್ಲಿ ಸತ್ತ ಕಪ್ಪೆಯನ್ನು ಏಡಿ, ಇರುವೆ, ಹಾವು ಒಂದೇ ರಾತ್ರಿಯಲ್ಲಿ ಮುಗಿಸಿಬಿಡುತ್ತವೆ ಎಂಬುದೂ ನಿಜ. ಪನಾಮಾದ ಎಲ್ ಕೋಪೆಯಲ್ಲಿ ಸಾವು ಕಂಡದ್ದು ಸಂಶೋಧಕರು 1998ರಿಂದಲೇ ಅಲ್ಲಿ ಕಪ್ಪೆ ಎಣಿಸುತ್ತಿದ್ದುದರಿಂದ; 2004ರ ಕೊನೆಗೆ ರೋಗ ಬಂದಾಗ ಕೆಲವೇ ತಿಂಗಳಲ್ಲಿ ಆದ ಕುಸಿತವನ್ನು ಹಳೆಯ ಎಣಿಕೆಯ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು. ಘಟ್ಟದ ತೊರೆಗಳಿಗೆ ಅಂಥ ಹಳೆಯ ಎಣಿಕೆ ಇಲ್ಲ. ಕರ್ನಾಟಕದ ಕತ್ತಲೆಕಾನಿನಲ್ಲಿ, ಕೆಸರು ಮೆತ್ತಿ ಮೊಟ್ಟೆ ಕಾಯುವ ಕುಂಬಾರ ಕಪ್ಪೆಗೆ ವಿಜ್ಞಾನದಲ್ಲಿ ಹೆಸರು ಬಂದದ್ದೇ 2014ರಲ್ಲಿ. ಹೆಸರಿಲ್ಲದ ಪ್ರಾಣಿ ಕಡಿಮೆಯಾಗಿದೆಯೋ ಹೆಚ್ಚಾಗಿದೆಯೋ ಎಂದು ಯಾರು ಹೇಳಬೇಕು? ಆದ್ದರಿಂದ ಹಿಂದೆಂದೂ ಸಾವಾಗಿಲ್ಲ ಎಂದು ನಾನು ವಾದಿಸುವುದಿಲ್ಲ. ಆದರೂ ಆಕ್ಷೇಪ ನನ್ನ ತೀರ್ಮಾನವನ್ನು ಅಲುಗಿಸದು. ಮಾರಿ ಬಂದು ಹೋಗಿದ್ದರೂ ಅದು ಬಂದದ್ದು ಬಹಳ ಹಿಂದೆ ಎಂದೇ ತಳಿಗಳ ವೈವಿಧ್ಯ ಹೇಳುತ್ತದೆ, ಇಂದಿನ ಕಪ್ಪೆಗಳು ಆ ತಳಿಗಳೊಡನೆ ಬಾಳುತ್ತಿವೆ. ಹೊಸ ತಳಿಯೊಂದಿಗೆ ಬಾಳುತ್ತವೆ ಎಂಬುದಕ್ಕೆ ಮಾತ್ರ ಯಾವ ಖಾತರಿಯೂ ಇಲ್ಲ. ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನಲ್ಲಿ ಎರಡು ತಳಿಗಳು ಕೂಡಿ ಮಿಶ್ರತಳಿ ಹುಟ್ಟಿದೆ; 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಮಿಶ್ರತಳಿ ಅಲ್ಲಿನ ಕೆಲವು ಕಪ್ಪೆಗಳಿಗೆ ತಾಯಿ ತಳಿಗಳಿಗಿಂತ ಹೆಚ್ಚು ಮಾರಕವಾಗಿತ್ತು.

ಎರಡನೆಯ ಆಕ್ಷೇಪ ಬಯಲುಸೀಮೆಯದು. ತೆಲಂಗಾಣದ ತಾಂಡೂರು, ಕೊಡಂಗಲ್, ದೌಲತಾಬಾದ್, ಜಹೀರಾಬಾದ್, ನಾರಾಯಣಖೇಡದ ಕಡೆ ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟುತ್ತದೆ. ಈ ಶಿಲೀಂಧ್ರಕ್ಕೆ ಹಿತವಾದದ್ದು 17ರಿಂದ 25 ಡಿಗ್ರಿ. 28 ದಾಟಿದರೆ ಬೆಳವಣಿಗೆ ನಿಲ್ಲುತ್ತದೆ, ಇನ್ನೂ ಮೇಲೆ ಹೋದರೆ ಸಾಯುತ್ತದೆ. ಹೀಗಿರುವಾಗ ಇದು ಘಟ್ಟದವರ ಚಿಂತೆ, ತೊಗರಿ ಬೆಳೆಯುವ ಕರಿನೆಲಕ್ಕೂ ಇದಕ್ಕೂ ಏನು ನಂಟು ಎಂದು ಕೇಳುವುದು ನ್ಯಾಯವೇ. ವರ್ಷದ ಸರಾಸರಿ ಹಿಡಿದು ನೋಡಿದರೆ ಆಕ್ಷೇಪಕ್ಕೆ ಬಲವಿದೆ, ಕಪ್ಪೆಯ ವರ್ಷ ಹಿಡಿದು ನೋಡಿದರೆ ಇಲ್ಲ. ಏಪ್ರಿಲ್ ಮೇ ತಿಂಗಳ ಸುಡುಬಿಸಿಲನ್ನು ಇಲ್ಲಿನ ಬಿಲಗಪ್ಪೆ, ಗೋಂಕರಗಪ್ಪೆಗಳು ನೋಡುವುದೇ ಇಲ್ಲ. ನೆಲದೊಳಗೆ, ಕಲ್ಲಿನ ಸಂದಿಯಲ್ಲಿ, ಬಾವಿಯ ಒರತೆಯ ಪಕ್ಕದಲ್ಲಿ ತಂಪು ಹುಡುಕಿ ಮಲಗಿರುತ್ತವೆ. ಅವು ಎದ್ದು ಬರುವುದು ಮೃಗಶಿರ, ಆರಿದ್ರದ ಮಳೆಗೆ. ಆಗ ಮೋಡ ಮುಚ್ಚಿ ರಾತ್ರಿಯ ತಾಪ 25ರ ಕೆಳಗಿಳಿದಿರುತ್ತದೆ, ಹೊಲದ ಬದುವಿನಲ್ಲೂ ಬಿಟ್ಟುಹೋದ ಕಲ್ಲಿನ ಗಣಿಯಲ್ಲೂ ನೀರು ನಿಂತಿರುತ್ತದೆ, ಗಂಡು ಹೆಣ್ಣು ನೂರಾರು ಒಂದೇ ಹೊಂಡಕ್ಕೆ ಬಂದು ಮೈಗೆ ಮೈ ತಾಗಿಸುತ್ತವೆ. ನೀರಿನಲ್ಲಿ ಈಜಿ ಬರುವ ಬೀಜಕಣಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಬೇಕಿಲ್ಲ. ಚಳಿಗಾಲವೂ ಅಷ್ಟೆ. ಜಹೀರಾಬಾದ್ ಪಕ್ಕದ ಕೋಹೀರ್ ತೆಲಂಗಾಣದ ಅತಿ ಚಳಿಯ ಊರುಗಳಲ್ಲೊಂದು, ಅಲ್ಲಿ ರಾತ್ರಿಯ ತಾಪ 10 ಡಿಗ್ರಿಗಿಂತ ಕೆಳಗೆ ಹೋಗುವುದುಂಟು. ತಾಂಡೂರಿನ ಆಳವಾದ ಗಣಿಯಲ್ಲಿ ಫರ್ಸಿ ಕಲ್ಲಿನ ಗೋಡೆಗಳ ನೆರಳಿಗೆ ನಿಂತ ನೀರು ಬಯಲಿನ ಕೆರೆಯಷ್ಟು ಕಾಯುವುದಿಲ್ಲ. ಬಿಸಿಲು ನಮ್ಮ ಕಪ್ಪೆಗಳಿಗೆ ಒಂದು ರಕ್ಷೆ, ಅದನ್ನು ಒಪ್ಪುತ್ತೇನೆ. ಆದರೆ ಅದು ವರ್ಷದ ಕೆಲವು ತಿಂಗಳ ರಕ್ಷೆ, ಕಪ್ಪೆಗಳು ಒಂದೆಡೆ ಸೇರುವ ತಿಂಗಳುಗಳನ್ನು ಬಿಟ್ಟು.

ಹಾಗಾದರೆ ಹೊಸ ತಳಿ ಬರುವುದು ಹೇಗೆ? ಕಪ್ಪೆ ತಾನಾಗಿ ಸಮುದ್ರ ದಾಟುವುದಿಲ್ಲ, ದಾಟಿಸಿದವರು ಮನುಷ್ಯರು. 1930ರ ದಶಕದಲ್ಲಿ ಲ್ಯಾನ್ಸ್‌ಲಾಟ್ ಹಾಗ್ಬೆನ್ ಎಂಬ ವಿಜ್ಞಾನಿಯ ಕೆಲಸದಿಂದ ದಕ್ಷಿಣ ಆಫ್ರಿಕಾದ ಉಗುರುಗಪ್ಪೆ ಬಸಿರು ಪರೀಕ್ಷೆಯ ಸಾಧನವಾಯಿತು: ಹೆಂಗಸಿನ ಮೂತ್ರವನ್ನು ಚುಚ್ಚಿದರೆ, ಆಕೆ ಬಸುರಿಯಾಗಿದ್ದಲ್ಲಿ, ಕಪ್ಪೆ ಮೊಟ್ಟೆಯಿಡುತ್ತಿತ್ತು. ಸಾವಿರಾರು ಕಪ್ಪೆಗಳು ಖಂಡದಿಂದ ಖಂಡಕ್ಕೆ ಹೋದವು. ಆ ಜಾತಿಯ 1938ರ ಮಾದರಿಯಲ್ಲೇ ಕೈಟ್ರಿಡ್ ಸಿಕ್ಕಿದ್ದು, ಸೋಂಕು ಹೊತ್ತೂ ಅದು ಸಾಯದೆ ಉಳಿಯುವುದು ತಿಳಿದ ಮೇಲೆ ಈ ವ್ಯಾಪಾರದ ಬೆಲೆ ಅರ್ಥವಾಯಿತು. ತಿನ್ನಲು ಸಾಕಿದ ಅಮೆರಿಕದ ಬುಲ್‌ಫ್ರಾಗ್ ಇನ್ನೊಂದು ವಾಹಕ. ಭಾರತವೂ ಈ ವ್ಯಾಪಾರದಲ್ಲಿ ಇತ್ತು. ನಮ್ಮ ಗೋಂಕರಗಪ್ಪೆಯ ಕಾಲುಗಳು 1980ರ ದಶಕದ ಆರಂಭದಲ್ಲಿ ಸಾವಿರಾರು ಟನ್ ಲೆಕ್ಕದಲ್ಲಿ ಯುರೋಪು, ಅಮೆರಿಕಗಳಿಗೆ ಹೋಗುತ್ತಿದ್ದವು. 1985ರಲ್ಲಿ ಅದು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿತು, 1987ರಲ್ಲಿ ಸರ್ಕಾರ ರಫ್ತನ್ನೇ ನಿಲ್ಲಿಸಿತು. ಗದ್ದೆಯ ಕೀಟ ಹೆಚ್ಚಿದ್ದನ್ನು ಕಂಡು ನಿಲ್ಲಿಸಿದ ಆ ವ್ಯಾಪಾರ ರೋಗದ ಒಂದು ದಾರಿಯನ್ನೂ ಮುಚ್ಚಿತು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಉಳಿದ ದಾರಿಗಳು ತೆರೆದೇ ಇವೆ. ಅಂಡಮಾನಿನಲ್ಲಿ ಈಗ ಊರೂರು ತುಂಬಿರುವ ಗೋಂಕರಗಪ್ಪೆ ಮುಖ್ಯಭೂಮಿಯಿಂದ ಮೀನುಮರಿಗಳ ಜೊತೆ ಬೆರೆತು ಹೋದದ್ದು. ಇದು ಬಯಲುಸೀಮೆಯವರು ಗಮನವಿಟ್ಟು ನೋಡಬೇಕಾದ ಸಂಗತಿ. ತೆಲಂಗಾಣದಲ್ಲಿ 2016ರಿಂದ ಸರ್ಕಾರವೇ ಕೆರೆಗಳಿಗೆ ಕೋಟಿಗಟ್ಟಲೆ ಮೀನುಮರಿ ಬಿಡುತ್ತ ಬಂದಿದೆ. ಮೀನುಗಾರ ಕುಟುಂಬಗಳಿಗೆ ಇದರಿಂದ ಆದ ಉಪಕಾರ ದೊಡ್ಡದು. ಆದರೆ ಮೀನುಮರಿ ತುಂಬಿದ ಚೀಲದಲ್ಲಿ ನೀರೂ ಇರುತ್ತದೆ, ನೀರಿನಲ್ಲಿ ಗೊದಮೊಟ್ಟೆ ಇರಬಹುದು, ಕಣ್ಣಿಗೆ ಕಾಣದ್ದೂ ಇರಬಹುದು. ಈ ಸೀಮೆಯ ನೆಲದ ಓಟ ನೋಡಿ: ತಾಂಡೂರಿನ ಕಾಗಿಣಾ ಪಡುವಣಕ್ಕೆ ಹರಿದು ಸೇಡಂ, ಮಳಖೇಡ ದಾಟಿ ಭೀಮಾ ಸೇರಿ ಕೃಷ್ಣೆಗೆ ಹೋಗುತ್ತದೆ, ಬೀದರಿನಿಂದ ಬರುವ ಮಾಂಜ್ರಾ ನಾರಾಯಣಖೇಡದ ಪಕ್ಕದಲ್ಲಿ ಹಾದು ಸಿಂಗೂರು ಜಲಾಶಯ ತುಂಬಿ ಗೋದಾವರಿಗೆ ಹೋಗುತ್ತದೆ. ಎರಡು ದೊಡ್ಡ ನದಿಗಳ ನೀರು ಇಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಬೇರೆಯಾಗುತ್ತದೆ. ಕಪ್ಪೆಗೆ ಆ ದಿಬ್ಬ ದಾಟುವುದು ತಲೆಮಾರುಗಳ ಕೆಲಸ, ಲಾರಿಗೆ ಒಂದು ಗಂಟೆಯದು. ಮಳೆ ಕೈಕೊಟ್ಟಾಗ ಇಲ್ಲಿನ ಹಳ್ಳಿಗಳಲ್ಲಿ ಒನಕೆಗೆ ಬೇವಿನ ಸೊಪ್ಪು ಸುತ್ತಿ ಕಪ್ಪೆ ಕಟ್ಟಿ ಮನೆಮನೆಯ ಮುಂದೆ ನೀರು ಹೊಯ್ಯಿಸಿಕೊಳ್ಳುವ ಕಪ್ಪತಲ್ಲಿ ಆಚರಣೆಯನ್ನು ರೋಗ ಹರಡುವ ಪದ್ಧತಿ ಎಂದು ಯಾರಾದರೂ ದೂರಿದರೆ ಅದು ಅನ್ಯಾಯ; ಆ ಕಪ್ಪೆ ಅದೇ ಊರಿನ ಕೆರೆಯದು, ಅದೇ ಕೆರೆಗೆ ಹಿಂದಿರುಗುತ್ತದೆ. ಚಿಂತೆ ಮಾಡಬೇಕಾದದ್ದು ನಗರದ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಬಿಳಿ ಉಗುರುಗಪ್ಪೆಯ ಬಗ್ಗೆ, ಸಾಕಲಾರದೆ ಅದನ್ನು ಕೆರೆಗೆ ಸುರಿದು ಬರುವವರ ಬಗ್ಗೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಆಕ್ರಮಣಕಾರಿ ಅನ್ಯ ಪ್ರಭೇದಗಳ ಆಮದು, ವ್ಯಾಪಾರಗಳನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಕಪ್ಪೆಗಳ ವಿಷಯದಲ್ಲಿ ಅದನ್ನು ಬಳಸಲು ತಡಮಾಡಬಾರದು.

ಕೆರೆ ಮುಚ್ಚಿ ನಿವೇಶನ ಮಾಡುತ್ತಿರುವಾಗ, ಹತ್ತಿಗೂ ತೊಗರಿಗೂ ಔಷಧಿ ಹೊಡೆಯುತ್ತಿರುವಾಗ, ಇನ್ನೂ ಬಾರದ ತಳಿಯ ಬಗ್ಗೆ ತಲೆಕೆಡಿಸಿಕೊಳ್ಳುವುದು ಯಾಕೆ ಎನ್ನುವವರಿದ್ದಾರೆ. ಅವರ ಮಾತಿನ ಮೊದಲರ್ಧ ಸರಿ. 2023ರಲ್ಲಿ ಪ್ರಕಟವಾದ ಎರಡನೆಯ ಜಾಗತಿಕ ಉಭಯಚರ ಮೌಲ್ಯಮಾಪನ 8,000ಕ್ಕೂ ಹೆಚ್ಚು ಪ್ರಭೇದಗಳನ್ನು ಪರಿಶೀಲಿಸಿ 41 ಪ್ರತಿಶತದಷ್ಟು ಅಪಾಯದಲ್ಲಿವೆ ಎಂದಿತು. ನೆಲೆ ಕಳೆದುಕೊಳ್ಳುವುದೇ ಅದರಲ್ಲಿ ಅತಿ ವ್ಯಾಪಕ ಕಾರಣ. ಆದರೆ ಕಳೆದ ನೆಲೆಯನ್ನು ಕಷ್ಟಪಟ್ಟಾದರೂ ಮರಳಿ ಕಟ್ಟಬಹುದು, ಹೂಳೆತ್ತಿದ ಕೆರೆಗೆ ಕಪ್ಪೆ ಮರಳಿ ಬರಬಹುದು. ಒಮ್ಮೆ ಕಾಡಿನ ತೊರೆ ಸೇರಿದ ಶಿಲೀಂಧ್ರವನ್ನು ಹೊರಹಾಕಲು ಮಾತ್ರ ದಾರಿಯಿಲ್ಲ. ಕಪ್ಪೆ ಹೋದರೆ ಮನುಷ್ಯನಿಗೇನು ಎಂಬುದಕ್ಕೂ ಈಗ ಉತ್ತರ ಸಿಕ್ಕಿದೆ: ಕೋಸ್ಟರಿಕಾ ಮತ್ತು ಪನಾಮಾದಲ್ಲಿ ಈ ರೋಗದಿಂದ ಕಪ್ಪೆಗಳು ಕುಸಿದ ನಂತರದ ವರ್ಷಗಳಲ್ಲಿ ಮಲೇರಿಯಾ ಪ್ರಕರಣಗಳು ಏರಿದ್ದನ್ನು 2022ರ ಅಧ್ಯಯನವೊಂದು ತೋರಿಸಿತು. ಸೊಳ್ಳೆಯ ಮರಿಯನ್ನು ತಿನ್ನುವ ಬಾಯಿಗಳು ಕಡಿಮೆಯಾದರೆ ಆಗುವುದು ಅದೇ.

ಔಷಧಿ ಇಲ್ಲವೆಂದಲ್ಲ. ಇಟ್ರಕೊನಜೋಲ್ ದ್ರಾವಣದಲ್ಲಿ ಅದ್ದಿದರೆ ಸಾಕಿದ ಕಪ್ಪೆ ಗುಣವಾಗುತ್ತದೆ. ಕಾಡಿನಲ್ಲಿ ಅದು ಪೂರ್ತಿ ಫಲಿಸಿದ್ದು ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ, 2015ರಲ್ಲಿ ವರದಿಯಾದಂತೆ: ಬಂಡೆಯ ಹೊಂಡಗಳಿಂದ ಗೊದಮೊಟ್ಟೆಗಳನ್ನೆಲ್ಲ ಹೊರತೆಗೆದು ಮದ್ದು ಹಾಕಿ, ಹೊಂಡಗಳನ್ನು ಬತ್ತಿಸಿ ಕಲ್ಲಿಗೆ ರೋಗನಾಶಕ ಬಳಿದು, ಮತ್ತೆ ತುಂಬಿಸಿ ಬಿಟ್ಟರು. ಎಣಿಸಿ ಮುಗಿಯುವಷ್ಟು ಹೊಂಡಗಳಿದ್ದ ಒಣನೆಲದಲ್ಲಿ ಆದ ಕೆಲಸವದು. ಆಗುಂಬೆಯಲ್ಲೋ ಶರಾವತಿ ಕಣಿವೆಯಲ್ಲೋ ಯಾವ ಕಲ್ಲನ್ನು ತೊಳೆಯುವುದು, ಯಾವ ನೀರನ್ನು ಬತ್ತಿಸುವುದು? ಆಸ್ಟ್ರೇಲಿಯದವರು 2024ರಲ್ಲಿ ಪ್ರಕಟಿಸಿದ ಉಪಾಯ ನನಗೆ ಹೆಚ್ಚು ಹಿಡಿಸಿತು. ತೂತಿರುವ ಇಟ್ಟಿಗೆಗಳನ್ನು ಜೋಡಿಸಿ ಮೇಲೆ ಪುಟ್ಟ ಹಸಿರುಮನೆ ಮುಚ್ಚಿ ಬಿಸಿಲಿಗಿಟ್ಟರು. ಕಪ್ಪೆಗಳು ತಾವಾಗಿ ಬಂದು ಬೆಚ್ಚಗಿನ ತೂತುಗಳಲ್ಲಿ ಕೂತವು, ಸೋಂಕು ಇಳಿಯಿತು, ಗುಣವಾದವು ಮರುಸೋಂಕನ್ನು ಹೆಚ್ಚಾಗಿ ತಡೆದುಕೊಂಡವು. ಗಣಿಯ ಅಂಚಿನಲ್ಲಿ ಬಿಸಿಲಿಗೆ ಕಾದ ಕಲ್ಲುಚೂರಿನ ಗುಡ್ಡೆಗಳಿಗೆ ತಾಂಡೂರಿನಲ್ಲಿ ಬರವಿಲ್ಲ. ಚಳಿಗಾಲದ ಕಪ್ಪೆಗಳಿಗೆ ಅವು ಇದೇ ಉಪಕಾರ ಮಾಡುತ್ತಿರಬಹುದೇ ಎಂಬುದು ಒಂದು ಉಷ್ಣಮಾಪಕ ಹಿಡಿದು ಪರೀಕ್ಷಿಸಬಹುದಾದ ಪ್ರಶ್ನೆ.

ಕಪ್ಪೆಯ ಮೈಯಲ್ಲಿ ಕೈಟ್ರಿಡ್ ಇದೆಯೇ ಎಂದು ಪರೀಕ್ಷಿಸುವ ಕ್ರಮವೂ ಕಷ್ಟದ್ದಲ್ಲ. ಕಪ್ಪೆಯನ್ನು ಹಿಡಿದು, ಹತ್ತಿಯ ಕಡ್ಡಿಯಿಂದ ಹೊಟ್ಟೆ, ತೊಡೆ, ಕಾಲ್ಬೆರಳ ನಡುವಿನ ಪೊರೆಯನ್ನು ಮೆಲ್ಲಗೆ ಒರೆಸಿ, ಕಡ್ಡಿಯನ್ನು ಮುಚ್ಚಳದ ಕೊಳವೆಗೆ ಹಾಕಿ, ಕಪ್ಪೆಯನ್ನು ಸಿಕ್ಕ ಜಾಗದಲ್ಲೇ ಬಿಡುವುದು. ಉಳಿದದ್ದು ಪ್ರಯೋಗಾಲಯದ ಪಾಲು, ಹೈದರಾಬಾದ್ ಇಲ್ಲಿಗೆ ದೂರವೂ ಅಲ್ಲ. ಒಂದೊಂದು ಕಪ್ಪೆಗೂ ಹೊಸ ಕೈಗವಸು ಹಾಕಬೇಕು. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಬಲೆ, ಬೂಟುಗಳ ಕೆಸರು ತೊಳೆದು ಬಿಸಿಲಿಗೆ ಹರಡಬೇಕು. ಪೂರ್ತಿ ಒಣಗಿದರೆ ಬೀಜಕಣ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಆರಿದ್ರ ಮಳೆಯ ಮೋಡದ ದಿನಗಳಲ್ಲಿ ಬೂಟು ಬೇಗ ಒಣಗುವುದಿಲ್ಲವಾದ್ದರಿಂದ ಕಾಗಿಣಾ ಕಡೆಗೊಂದು, ಮಾಂಜ್ರಾ ಕಡೆಗೊಂದು ಎಂದು ಎರಡು ಜೊತೆ ಇಟ್ಟುಕೊಳ್ಳುವುದು ಒಳ್ಳೆಯದು.